ಇತಿಹಾಸದ ದೃಷ್ಟಿಯಲ್ಲಿ ಮೂರು ಗ್ರಂಥಗಳು

ಇತಿಹಾಸದ ಅಭ್ಯಾಸಿಯು ವೈಜ್ಞಾನಿಕ ಕಾದಂಬರಿಗಳನ್ನೂ ಅದ್ಭುತಕಥೆಗಳನ್ನೂ ಓದುವುದು ಕಾಲಹರಣವೆಂಬ ಭಾವನೆ ವಿದ್ವದ್ವಲಯದಲ್ಲಿ ಉಂಟು. ಗಣಕಯಂತ್ರದ ತಂತ್ರಾಂಶವನ್ನು ಕುರಿತ ಗ್ರಂಥವಂತೂ ಅವನ ಕ್ಷೇತ್ರಕ್ಕೆ ಸೇರಿದುದೇ ಅಲ್ಲವೆನ್ನುವರು. ಈ ಮೂರು ಬಗೆಗಳಿಂದ ಒಂದೊಂದು ಗ್ರಂಥವನ್ನು ಆರಿಸಿಕೊಂಡು, ಇತಿಹಾಸಕಾರನಿಗೆ ಅವು ಏನನ್ನು ಕಲಿಸಬಲ್ಲವೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐಸಾಕ್ ಅಸಿಮೋವನ 'ಫೌಂಡೇಶನ್' (1951) ಗಿಬ್ಬನ್ನನ ರೋಮನ್ ಚರಿತ್ರೆಯಿಂದ ಪ್ರೇರಣೆ ಪಡೆದ ಕೃತಿ. ಆಕಾಶಗಂಗೆಯನ್ನೆಲ್ಲ ಆಳುವ ಸಾಮ್ರಾಜ್ಯವು ಕುಸಿಯಲಿದೆ. ಅನಂತರದ 30,000 ವರ್ಷಗಳ ಅಂಧಕಾರವನ್ನು 1,000 ವರ್ಷಗಳಿಗೆ ಇಳಿಸಬಹುದೆಂದು ಹರಿ ಸೆಲ್ಡನ್ ಎಂಬ ಗಣಿತಜ್ಞನು ಲೆಕ್ಕ ಹಾಕುತ್ತಾನೆ. ಇದು ಗಣಿತದ ವೇಷ ತೊಟ್ಟ ಕಾಲಜ್ಞಾನ. ಆದರೆ ಜನರಿಗೆ ಭವಿಷ್ಯವು ತಿಳಿಯದಿದ್ದರೆ ಮಾತ್ರ ಆ ಲೆಕ್ಕ ಫಲಿಸುವುದೆಂಬ ನಿಬಂಧನೆಯಿದೆ. ತಿಳಿದ ಜನರು ಬೇರೆಯಾಗಿ ನಡೆದಾರೆಂಬುದನ್ನು ಗ್ರಂಥಕರ್ತನೇ ಒಪ್ಪಿದಂತಾಯಿತು. 1952ರ ಎರಡನೆಯ ಸಂಪುಟದಲ್ಲಿ 'ಮ್ಯೂಲ್' ಎಂಬ ಒಬ್ಬನೇ ವ್ಯಕ್ತಿಯು ಲೆಕ್ಕವನ್ನೆಲ್ಲ ಕೆಡಿಸುವನು. ಕೃತಿಯ ಸಿದ್ಧಾಂತಕ್ಕಿಂತ ಅದರ ಈ ಬಿರುಕುಗಳೇ ಹೆಚ್ಚು ಬೆಲೆಯುಳ್ಳವು.

ಟೋಲ್ಕಿನ್ನನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' (1954–55) ಭವಿಷ್ಯವನ್ನು ನುಡಿಯದೆ ಆಕರಗಳನ್ನು ಕಲ್ಪಿಸುತ್ತದೆ. ಮೂಲಗ್ರಂಥವು ಉಳಿದಿಲ್ಲ, ನಕಲುಗಳು ಮಾತ್ರ ಇವೆ, ನಕಲಿನಲ್ಲಿ ತಿದ್ದುಪಡಿಗಳಾಗಿವೆ ಎಂದು 1965ರ ಪರಿಷ್ಕೃತ ಆವೃತ್ತಿಯ ಪೀಠಿಕೆ ಹೇಳುತ್ತದೆ. ಹಸ್ತಪ್ರತಿಗಳೊಡನೆ ಬಾಳಿದ ಭಾಷಾಶಾಸ್ತ್ರಜ್ಞನಲ್ಲದೆ ಇದನ್ನು ಬೇರೆಯವರು ಬರೆಯಲಾರರು. ಆದರೂ ಅಲ್ಲಿ ಸಾಕ್ಷ್ಯವನ್ನು ಶಂಕಿಸುವ ಪ್ರಸಂಗಗಳು ಹೆಚ್ಚಾಗಿ ಬರುವುದಿಲ್ಲ.

ಮೂರನೆಯದು ಫ್ರೆಡರಿಕ್ ಬ್ರೂಕ್ಸನ 'ದಿ ಮಿಥಿಕಲ್ ಮ್ಯಾನ್-ಮಂತ್' (1975). ಐಬಿಎಂ ಸಂಸ್ಥೆಯ 360 ಗಣಕಶ್ರೇಣಿಯ ಕಾರ್ಯಾಚರಣಾ ತಂತ್ರಾಂಶದ ನಿರ್ಮಾಣಕ್ಕೆ ಮುಖ್ಯಸ್ಥನಾಗಿದ್ದವನು ಆತ. ತಡವಾದ ಕೆಲಸಕ್ಕೆ ಜನರನ್ನು ಕೂಡಿಸಿದರೆ ಅದು ಇನ್ನಷ್ಟು ತಡವಾಗುವುದೆಂಬ ಅವನ ಸೂತ್ರ ಪ್ರಸಿದ್ಧವಾಗಿದೆ. ಹೊಸಬರಿಗೆ ಕಲಿಸಲು ಹಳಬರ ಕಾಲ ವ್ಯಯವಾಗುತ್ತದೆ. ಐವರ ನಡುವೆ 10 ಸಂಪರ್ಕಗಳಿದ್ದರೆ ಹತ್ತು ಜನರ ನಡುವೆ 45 ಆಗುತ್ತವೆ. ನನ್ನ ಗಮನವನ್ನು ಸೆಳೆದುದು ಬೇರೊಂದು ಪ್ರಸಂಗ. ವಿವರಣಗ್ರಂಥವನ್ನು ಹತ್ತು ಮಂದಿ ವಿನ್ಯಾಸಕಾರರು ಬರೆಯಬೇಕೆ, 150 ಮಂದಿ ನಿರ್ಮಾಪಕರ ತಂಡ ಬರೆಯಬೇಕೆ ಎಂಬ ಪ್ರಶ್ನೆ ಬಂದಾಗ, ವಿನ್ಯಾಸಕಾರರು ಗಡುವಿಗಿಂತ ಮೂರು ತಿಂಗಳು ಹೆಚ್ಚು ಕೇಳಿದರೆಂದು ಬ್ರೂಕ್ಸನು ದೊಡ್ಡ ತಂಡಕ್ಕೆ ಒಪ್ಪಿಸಿದನು. ಆ ಕೆಲಸವೂ ಮೂರು ತಿಂಗಳು ತಡವಾಯಿತು, ಗುಣವೂ ಕೆಟ್ಟಿತು. ತಪ್ಪು ತನ್ನದೆಂದು ಅವನು ಸ್ಪಷ್ಟವಾಗಿ ಬರೆದಿದ್ದಾನೆ. 1995ರ ಆವೃತ್ತಿಯಲ್ಲಿ, ಪಾರ್ನಾಸ್ ಎಂಬ ವಿದ್ವಾಂಸನ ಮತವೇ ಸರಿ, ತಾನು ಅದನ್ನು ವಿರೋಧಿಸಿದುದು ತಪ್ಪು ಎಂದೂ ಒಪ್ಪಿಕೊಂಡಿದ್ದಾನೆ.

ತನ್ನ ವಿಷಯದಲ್ಲಿ ತಾನೇ ಸಾಕ್ಷಿಯಾದವನ ಮಾತನ್ನು ಪರೀಕ್ಷಿಸದೆ ಸ್ವೀಕರಿಸಲಾಗದೆಂಬುದು ನಿಜ. ಆದರೂ ಮೂರರಲ್ಲಿ ಇದೇ ಇತಿಹಾಸಕ್ಕೆ ಅತ್ಯಂತ ಸಮೀಪವಾದುದೆಂದು ನನ್ನ ಅಭಿಪ್ರಾಯ. ಅರಸರು ಶಾಸನಗಳಲ್ಲಿ ಗೆಲವನ್ನು ಕೊರೆಯಿಸಿದರೇ ಹೊರತು ತಮ್ಮ ಸೋಲಿನ ಕಾರಣವನ್ನಲ್ಲ. ಸೋತ ನಿರ್ಣಯವನ್ನು ಮಾಡಿದವನೇ ಅದರ ಕಾರಣವನ್ನು ಬರೆದಿಟ್ಟ ದಾಖಲೆ ನಮಗೆ ದೊರೆಯುವುದು ವಿರಳ. ಆದುದರಿಂದ ಇತಿಹಾಸದ ವಿದ್ಯಾರ್ಥಿಯು ಇಂಥ ಗ್ರಂಥಗಳನ್ನು ಅನ್ಯರ ಸೊತ್ತೆಂದು ಬದಿಗಿರಿಸುವುದು ಉಚಿತವಲ್ಲ.