ಬೀದಿ ತೆರೆಯ ಮೇಲೆ, ಜನ ಬೀದಿ ಪಾಲು

1961ರಲ್ಲಿ ತೆರೆಕಂಡ ‘ವೆಸ್ಟ್ ಸೈಡ್ ಸ್ಟೋರಿ’ ಎಂಬ ಅಮೇರಿಕನ್ ಚಿತ್ರವನ್ನು ನೋಡಿದವರು ಅದರ ಆರಂಭವನ್ನು ಮರೆಯಲಾರರು. ನ್ಯೂಯಾರ್ಕಿನ ಬಡ ಬೀದಿಗಳಲ್ಲಿ ಯುವಕರ ಎರಡು ಗುಂಪುಗಳು ಕುಣಿಯುತ್ತ, ಕೆಣಕುತ್ತ, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತವೆ. ಒಂದು ಗುಂಪು ಬಿಳಿಯರದು. ಇನ್ನೊಂದು ಪೋರ್ಟೊ ರಿಕೊ ದ್ವೀಪದಿಂದ ಬಂದವರದು. ಜಗಳ ಒಂದೇ: ಈ ಬೀದಿ ಯಾರದು? ಈ ಜಗಳದ ನಡುವೆ ಒಂದು ಪ್ರೇಮಕತೆ, ಕೊನೆಗೆ ಸಾವು. ಚಿತ್ರಕ್ಕೆ ಹತ್ತು ಆಸ್ಕರ್ ಪ್ರಶಸ್ತಿಗಳು ಬಂದವು.

ಆದರೆ ಚಿತ್ರದಲ್ಲಿ ಕಾಣುವ ಆ ಬೀದಿಗಳ ಗತಿಯೇನಾಯಿತು? ನ್ಯೂಯಾರ್ಕಿನಲ್ಲಿ ತೆಗೆದ ಹೊರಾಂಗಣ ದೃಶ್ಯಗಳಲ್ಲಿ ಕೆಲವನ್ನು ಚಿತ್ರೀಕರಿಸಿದ್ದು 1960ರಲ್ಲಿ, ಮ್ಯಾನ್‌ಹಟ್ಟನ್‌ನ ಪಶ್ಚಿಮ ಭಾಗದಲ್ಲಿ, ನೆಲಸಮ ಮಾಡಲೆಂದು ಆಗಲೇ ಗುರುತಿಸಿದ್ದ ಬೀದಿಗಳಲ್ಲಿ. ಅಲ್ಲಿನ ಸ್ಯಾನ್ ವಾನ್ ಹಿಲ್ ಎಂಬ ಬಡಾವಣೆಯಲ್ಲಿ ಮೊದಲು ಕರಿಯರು, ನಂತರ ಅವರ ಜೊತೆ ಪೋರ್ಟೊ ರಿಕನ್ನರು ಬದುಕು ಕಟ್ಟಿಕೊಂಡಿದ್ದರು. ‘ಕೊಳೆಗೇರಿ ನಿರ್ಮೂಲನ’ದ ಹೆಸರಿನಲ್ಲಿ, ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿಯ ಮುಂದಾಳತ್ವದಲ್ಲಿ, ಆ ಬಡಾವಣೆಯನ್ನು ಕೆಡವಲಾಯಿತು. ಏಳು ಸಾವಿರಕ್ಕೂ ಹೆಚ್ಚು ಕುಟುಂಬಗಳು, ಸುಮಾರು ಎಂಟುನೂರು ಅಂಗಡಿ ಮುಂಗಟ್ಟುಗಳು ಜಾಗ ಖಾಲಿ ಮಾಡಬೇಕಾಯಿತು. ಅಲ್ಲಿ ಎದ್ದು ನಿಂತದ್ದು ಲಿಂಕನ್ ಸೆಂಟರ್ ಎಂಬ ಭವ್ಯ ಕಲಾಕೇಂದ್ರ. 1962ರಲ್ಲಿ ಅದರ ಮೊದಲ ಸಭಾಂಗಣ ಉದ್ಘಾಟನೆಯಾದಾಗ ವಾದ್ಯಗೋಷ್ಠಿಯನ್ನು ನಡೆಸಿಕೊಟ್ಟವರು ಲಿಯೊನಾರ್ಡ್ ಬರ್ನ್‌ಸ್ಟೈನ್. ‘ವೆಸ್ಟ್ ಸೈಡ್ ಸ್ಟೋರಿ’ಗೆ ಸಂಗೀತ ಕೊಟ್ಟವರೂ ಅವರೇ!

ಚಿತ್ರದ ಉದ್ದಕ್ಕೂ ಎರಡು ಬಡ ಗುಂಪುಗಳು ತಮ್ಮದಲ್ಲದ ಬೀದಿಗಾಗಿ ಬಡಿದಾಡುತ್ತವೆ. ನಿಜ ಜೀವನದಲ್ಲಿ ಆ ಬೀದಿಯನ್ನು ಕಿತ್ತುಕೊಂಡ ಮೂರನೆಯವನು ಚಿತ್ರದಲ್ಲೆಲ್ಲೂ ಬರುವುದೇ ಇಲ್ಲ. ಅಮೇರಿಕದ ನಗರಗಳಲ್ಲಿ ಸ್ಪಾನಿಷ್ ಮಾತೃಭಾಷೆಯ ಸಮುದಾಯಗಳ ಬದುಕನ್ನು ಚಿತ್ರಿಸಿದ ಕಲಾಕೃತಿಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ನನಗೆ ಕಾಣುತ್ತಿಲ್ಲ. ಆ ಮೂರನೆಯವನು ಕತೆಯಲ್ಲಿ ಇದ್ದಾನೆಯೇ, ಇಲ್ಲವೇ?

ಒಂದು ಹೆಸರು, ಹಲವು ಬಾಗಿಲು

‘ಹಿಸ್ಪಾನಿಕ್’ ಎಂಬುದು ಒಂದು ಜನಾಂಗದ ಹೆಸರಲ್ಲ, ಜನಗಣತಿಯ ಒಂದು ಕಲಮು. ಅಮೇರಿಕದ ಎಲ್ಲ ಮನೆಗಳಿಗೂ ಈ ಪ್ರಶ್ನೆ ಹೋದದ್ದು 1980ರ ಗಣತಿಯಲ್ಲಿ. 2020ರ ಗಣತಿಯ ಪ್ರಕಾರ ಈ ಕಲಮಿನಲ್ಲಿ 6.21 ಕೋಟಿ ಜನರಿದ್ದರು, ಅಂದರೆ ಜನಸಂಖ್ಯೆಯ ಸುಮಾರು ಶೇ. 19. ಇಷ್ಟು ಜನರನ್ನು ಒಂದೇ ಹೆಸರಿನಿಂದ ಕರೆಯುವಾಗ, ಅವರು ಬೇರೆ ಬೇರೆ ಬಾಗಿಲುಗಳಿಂದ ಒಳಗೆ ಬಂದವರು ಎಂಬುದು ಮರೆತುಹೋಗುತ್ತದೆ.

ಮೆಕ್ಸಿಕೊ ಮೂಲದವರಲ್ಲಿ ಕೆಲವರ ಪೂರ್ವಜರು ಎಲ್ಲಿಂದಲೂ ಬಂದವರಲ್ಲ. 1848ರ ಒಪ್ಪಂದದಲ್ಲಿ ಮೆಕ್ಸಿಕೊದ ಅರ್ಧದಷ್ಟು ನೆಲ ಅಮೇರಿಕದ ಪಾಲಾದಾಗ ಗಡಿಯೇ ಅವರನ್ನು ದಾಟಿ ಹೋಯಿತು. 1781ರಲ್ಲಿ ಸ್ಪೇನ್ ಆಳ್ವಿಕೆಯಲ್ಲಿ ಹುಟ್ಟಿದ ಲಾಸ್ ಏಂಜಲೀಸ್ ನಗರದಲ್ಲಿ ಇಂದಿಗೂ ಅವರ ಗಟ್ಟಿ ನೆಲೆಯಿದೆ. ಪೋರ್ಟೊ ರಿಕೊ 1898ರಲ್ಲಿ ಅಮೇರಿಕದ ವಶವಾಯಿತು. 1917ರಿಂದ ಅಲ್ಲಿನ ಜನ ಅಮೇರಿಕದ ಪ್ರಜೆಗಳು. ಎರಡನೆಯ ಮಹಾಯುದ್ಧದ ನಂತರ ಅವರು ಅಗ್ಗದ ವಿಮಾನ ಟಿಕೆಟ್ ಕೊಂಡು ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ಗೆ ಬಂದಿಳಿದರು. ಡೊಮಿನಿಕನ್ನರು ಹೆಚ್ಚಾಗಿ ಬಂದದ್ದು 1961ರಲ್ಲಿ ಸರ್ವಾಧಿಕಾರಿ ಟ್ರುಹಿಯೊ ಹತ್ಯೆಯಾದ ಮೇಲೆ, 1965ರಲ್ಲಿ ಅಮೇರಿಕದ ಸೇನೆಯೇ ಅವರ ದೇಶಕ್ಕೆ ನುಗ್ಗಿದ ಮೇಲೆ. ಅವರು ನೆಲೆನಿಂತ ವಾಷಿಂಗ್ಟನ್ ಹೈಟ್ಸ್ ಅದಕ್ಕೂ ಮುಂಚೆ ಐರಿಷರ ಹಾಗೂ ಹಿಟ್ಲರನಿಂದ ಪಾರಾಗಿ ಬಂದ ಜರ್ಮನ್ ಯಹೂದಿಗಳ ಬಡಾವಣೆಯಾಗಿತ್ತು. 1980ರ ದಶಕದ ಅಂತರ್ಯುದ್ಧದಿಂದ ಓಡಿಬಂದ ಎಲ್ ಸಾಲ್ವಡೋರಿನವರು ಲಾಸ್ ಏಂಜಲೀಸ್‌ನಲ್ಲಿ ಮತ್ತು ರಾಜಧಾನಿ ವಾಷಿಂಗ್ಟನ್ನಿನ ಮೌಂಟ್ ಪ್ಲೆಸೆಂಟ್‌ನಲ್ಲಿ ಆಸರೆ ಪಡೆದರು.

ಈ ವ್ಯತ್ಯಾಸಗಳು ಕಲಾವಿದರಿಗೆ ಎಷ್ಟು ಮುಖ್ಯವಾಗಿದ್ದವು? ‘ವೆಸ್ಟ್ ಸೈಡ್ ಸ್ಟೋರಿ’ಯ ಹುಟ್ಟನ್ನೇ ನೋಡಿ. ಮೊದಲು ಅದು ಯಹೂದಿ ಮತ್ತು ಕ್ಯಾಥೊಲಿಕ್ ಕುಟುಂಬಗಳ ನಡುವಿನ ಕತೆಯೆಂದು ಯೋಚಿಸಲಾಗಿತ್ತು. 1955ರಲ್ಲಿ ಬರ್ನ್‌ಸ್ಟೈನ್ ಮತ್ತು ನಾಟಕಕಾರ ಆರ್ಥರ್ ಲಾರೆಂಟ್ಸ್ ಲಾಸ್ ಏಂಜಲೀಸ್‌ನಲ್ಲಿ ಭೇಟಿಯಾದಾಗ ಅಲ್ಲಿನ ಪತ್ರಿಕೆಗಳಲ್ಲಿ ಮೆಕ್ಸಿಕನ್ ಯುವಕರ ಗುಂಪುಗಲಭೆಯ ಸುದ್ದಿ ಓದಿದರು. ಅದರಿಂದ ಹೊಳೆದ ಕತೆಯನ್ನು ತಮಗೆ ಪರಿಚಿತವಾದ ನ್ಯೂಯಾರ್ಕಿಗೆ ಒಯ್ದರು. ಲಾಸ್ ಏಂಜಲೀಸ್‌ನ ಮೆಕ್ಸಿಕನ್ನರ ಸುದ್ದಿ ನ್ಯೂಯಾರ್ಕಿನ ಪೋರ್ಟೊ ರಿಕನ್ನರ ಕೊರಳಿಗೆ ಬಿತ್ತು. ಚಿತ್ರವಾದಾಗ ನಾಯಕಿ ಮರಿಯಾಳ ಪಾತ್ರವನ್ನು ರಷ್ಯನ್ ಮೂಲದ ನಟಾಲಿ ವುಡ್, ಅವಳ ಅಣ್ಣನ ಪಾತ್ರವನ್ನು ಗ್ರೀಕ್ ಮೂಲದ ಜಾರ್ಜ್ ಚಕಿರಿಸ್ ಕಂದು ಬಣ್ಣ ಬಳಿದುಕೊಂಡು ಮಾಡಿದರು. ನಿಜವಾಗಿಯೂ ಪೋರ್ಟೊ ರಿಕೊದಲ್ಲಿ ಹುಟ್ಟಿದ ರೀಟಾ ಮೊರೆನೊ ಅವರ ಮುಖಕ್ಕೂ ಬಣ್ಣ ಬಳಿಯಲಾಯಿತು. ಪೋರ್ಟೊ ರಿಕನ್ನರೆಂದರೆ ಇಂಥ ಬಣ್ಣದವರೇ ಎಂದು ತೀರ್ಮಾನಿಸುವ ಅಧಿಕಾರವೂ ಅವರದಾಗಿರಲಿಲ್ಲ.

ಇನ್ನು, ಸುದ್ದಿಯ ಮೂಲವಾದ ಲಾಸ್ ಏಂಜಲೀಸ್‌ನ ಮೆಕ್ಸಿಕನ್ನರಿಗೆ ಅದೇ ದಶಕದಲ್ಲಿ ಏನಾಯಿತು? ಚಾವೆಸ್ ರವೀನ್ ಎಂಬ ಗುಡ್ಡಗಾಡಿನ ಮೂರು ಪುಟ್ಟ ಹಳ್ಳಿಗಳಂತಹ ವಸತಿಗಳಿಂದ, ಸರಕಾರಿ ಮನೆಗಳನ್ನು ಕಟ್ಟುತ್ತೇವೆಂದು ಹೇಳಿ ಅವರನ್ನು ಎಬ್ಬಿಸಲಾಯಿತು. ಮನೆಗಳನ್ನು ಕಟ್ಟಲಿಲ್ಲ. ಕೊನೆಯ ಕುಟುಂಬಗಳನ್ನು 1959ರಲ್ಲಿ ಪೊಲೀಸರು ಎಳೆದು ಹೊರಹಾಕಿದರು. 1962ರಲ್ಲಿ ಅಲ್ಲಿ ಡಾಡ್ಜರ್ಸ್ ತಂಡದ ಬೇಸ್‌ಬಾಲ್ ಕ್ರೀಡಾಂಗಣ ತೆರೆಯಿತು. ಒಂದೇ ವರ್ಷ ದೇಶದ ಪೂರ್ವ ತುದಿಯಲ್ಲಿ ಸಂಗೀತ, ಪಶ್ಚಿಮ ತುದಿಯಲ್ಲಿ ಆಟ! ಎರಡರ ಅಡಿಪಾಯದಲ್ಲೂ ಬಡವರ ಮನೆಗಳಿದ್ದವು.

ಕ್ಯಾಮೆರಾವನ್ನೇ ಹೊರಹಾಕಿದ ಊರು

ಎಲ್ಲರ ಅನುಭವ ಹೀಗೆಯೇ ಇರಲಿಲ್ಲ. ಫ್ಲಾರಿಡಾದ ಮಿಯಾಮಿ ನಗರವನ್ನೇ ತೆಗೆದುಕೊಳ್ಳಿ. 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟು ಬಂದವರಲ್ಲಿ ಮೊದಲಿಗರು ವೈದ್ಯರು, ವಕೀಲರು, ವ್ಯಾಪಾರಿಗಳು. ಕಮ್ಯುನಿಸ್ಟ್ ವಿರೋಧಿಗಳಾದ ಅವರನ್ನು ಅಮೇರಿಕ ಕೈಚಾಚಿ ಕರೆದುಕೊಂಡಿತು. 1966ರಲ್ಲಿ ಅವರ ಕಾಯಂ ವಾಸಕ್ಕೆಂದೇ ಪ್ರತ್ಯೇಕ ಕಾನೂನು ಬಂತು. ‘ಲಿಟಲ್ ಹವಾನಾ’ ಎಂಬ ಬಡಾವಣೆ, ಅದರ ‘ಎಂಟನೆಯ ಬೀದಿ’, ಅಲ್ಲಿನ ಕಾಫಿ ಕಿಟಕಿಗಳು, ಡಾಮಿನೊ ಆಡುವ ಮುದುಕರು, ಇವೆಲ್ಲ ಅರಳಿದ್ದು ಈ ಆಸರೆಯಲ್ಲಿ.

1980ರಲ್ಲಿ ಮರಿಯೆಲ್ ಬಂದರಿನಿಂದ ಸುಮಾರು 1,25,000 ಕ್ಯೂಬನ್ನರು ದೋಣಿಗಳಲ್ಲಿ ಬಂದಾಗ ಗಾಳಿ ತಿರುಗಿತು. ಅದೇ ವರ್ಷ ಡೇಡ್ ಕೌಂಟಿಯ ಮತದಾರರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಸ್ಥಳೀಯ ಆಡಳಿತ ಹಣ ಖರ್ಚು ಮಾಡಬಾರದೆಂದು ತೀರ್ಪಿತ್ತರು. ನಿಯಮ ರದ್ದಾದದ್ದು 1993ರಲ್ಲಿ. ಈ ನಡುವೆ ಮರಿಯೆಲ್‌ನಿಂದ ಬಂದ ಕ್ಯೂಬನ್ನನೊಬ್ಬ ಮಾದಕ ದ್ರವ್ಯಗಳ ದೊರೆಯಾಗುವ ‘ಸ್ಕಾರ್‌ಫೇಸ್’ (1983) ಚಿತ್ರವನ್ನು ತೆಗೆಯಲು ಹೊರಟಾಗ ಮಿಯಾಮಿಯ ಕ್ಯೂಬನ್ನರು ಪ್ರತಿಭಟಿಸಿದರು. ಚಿತ್ರೀಕರಣದ ಬಹುಭಾಗ ಲಾಸ್ ಏಂಜಲೀಸ್‌ಗೆ ಹೋಗಬೇಕಾಯಿತು. ಅವರ ವಿರೋಧ ಸರಿಯೇ ತಪ್ಪೇ ಎಂಬುದು ಬೇರೆ ಮಾತು. ಸ್ಯಾನ್ ವಾನ್ ಹಿಲ್‌ನವರ ಖಾಲಿ ಮನೆಗಳು ಕ್ಯಾಮೆರಾಕ್ಕೆ ಹಿನ್ನೆಲೆಯಾದವು. ಮಿಯಾಮಿಯವರು ಕ್ಯಾಮೆರಾವನ್ನೇ ಹಿಂದೆ ಕಳಿಸಿದರು. ಇಬ್ಬರೂ ಒಂದೇ ಭಾಷೆಯವರು, ಹತ್ತಿರದ ದ್ವೀಪಗಳವರು. ಪೌರತ್ವವನ್ನು ಹುಟ್ಟಿನಿಂದಲೇ ಪಡೆದವರು ಸ್ಯಾನ್ ವಾನ್ ಹಿಲ್‌ನವರು. ಆದರೂ ನೆಲೆ ದಕ್ಕಿದ್ದು ಬಂಡವಾಳ, ಕಾನೂನಿನ ಬೆಂಬಲ, ರಾಜಕೀಯ ಬಲ ಇದ್ದವರಿಗೆ. ಕಾಗದದ ಪೌರತ್ವ ಒಂದೇ ಸಾಲದು ಎಂಬುದಕ್ಕೆ ಬೇರೆ ಪುರಾವೆ ಬೇಕೆ?

2021ರ ಎರಡು ಚಿತ್ರಗಳು

ಅರವತ್ತು ವರ್ಷಗಳ ನಂತರ, 2021ರಲ್ಲಿ, ಸ್ಟೀವನ್ ಸ್ಪೀಲ್‌ಬರ್ಗ್ ‘ವೆಸ್ಟ್ ಸೈಡ್ ಸ್ಟೋರಿ’ಯನ್ನು ಮತ್ತೆ ಚಿತ್ರವಾಗಿಸಿದರು. ಹಳೆಯ ತಪ್ಪುಗಳ ಅರಿವು ಅವರಿಗಿತ್ತು. ಮೊದಲ ದೃಶ್ಯದಲ್ಲೇ ಕಾಣುವುದು ಕೆಡವಿದ ಮನೆಗಳ ರಾಶಿ ಮತ್ತು ಲಿಂಕನ್ ಸೆಂಟರ್ ಬರಲಿದೆಯೆಂಬ ಫಲಕ. ಪೋರ್ಟೊ ರಿಕನ್ನರ ಪಾತ್ರಗಳಿಗೆ ಸ್ಪಾನಿಷ್ ಮೂಲದ ಕಲಾವಿದರೇ ಬಂದರು. ಸ್ಪಾನಿಷ್ ಮಾತುಗಳಿಗೆ ಇಂಗ್ಲಿಷ್ ಅಡಿಬರಹ ಕೊಡಲಿಲ್ಲ. ರೀಟಾ ಮೊರೆನೊ ಅಂಗಡಿ ನಡೆಸುವ ವೃದ್ಧೆಯಾಗಿ ಮರಳಿದರು. 1961ರ ಚಿತ್ರದಲ್ಲಿ ಅವರು ಮಾಡಿದ್ದ ಅನಿತಾಳ ಪಾತ್ರಕ್ಕೆ ಈ ಬಾರಿ ಅರಿಯಾನಾ ಡಿಬೋಸ್ ಆಸ್ಕರ್ ಪಡೆದರು.

ಮೂರನೆಯವನು ಕೊನೆಗೂ ತೆರೆಗೆ ಬಂದನಲ್ಲ ಎಂದು ಸಮಾಧಾನಪಡುವಷ್ಟರಲ್ಲಿ ಕತೆ ಮತ್ತೆ ಹಳೆಯ ದಾರಿಗೇ ಹೊರಳುತ್ತದೆ. ಕುಣಿತ, ಪ್ರೇಮ, ಚಾಕು. ಕೆಡವುವ ಯಂತ್ರ ಹಿನ್ನೆಲೆಯಲ್ಲಿ ಉಳಿಯುತ್ತದೆಯೇ ಹೊರತು ಕತೆಯ ದಿಕ್ಕನ್ನು ಬದಲಿಸುವುದಿಲ್ಲ. ಮನೆ ಕಳೆದುಕೊಳ್ಳಲಿರುವ ಒಂದು ಕುಟುಂಬ ಎಲ್ಲಿಗೆ ಹೋಗುತ್ತದೆ, ಯಾರನ್ನು ಕೇಳುತ್ತದೆ, ಮಕ್ಕಳ ಶಾಲೆ ಏನಾಗುತ್ತದೆ ಎಂಬುದು ನಮಗೆ ತಿಳಿಯುವುದಿಲ್ಲ. ಅನ್ಯಾಯವನ್ನು ತೋರಿಸುವುದು ಬೇರೆ, ಅದನ್ನೇ ಕತೆಯನ್ನಾಗಿ ಮಾಡುವುದು ಬೇರೆ.

ಈ ಕೆಲಸವನ್ನು ಹೆಚ್ಚು ಪ್ರಾಮಾಣಿಕವಾಗಿ ಮಾಡಿದ್ದು ಅದೇ ವರ್ಷ ಬಂದ ‘ಇನ್ ದ ಹೈಟ್ಸ್’. ಲಿನ್-ಮ್ಯಾನುಯೆಲ್ ಮಿರಾಂಡಾ ಅವರ, 2008ರಲ್ಲಿ ಬ್ರಾಡ್‌ವೇ ತಲುಪಿದ ಸಂಗೀತ ನಾಟಕವನ್ನು ಜಾನ್ ಎಂ. ಚೂ ಚಿತ್ರವಾಗಿಸಿದರು. ವಾಷಿಂಗ್ಟನ್ ಹೈಟ್ಸ್‌ನ ಒಂದು ಬೀದಿ, ಅದರ ಮೂಲೆಯಲ್ಲಿ ಡೊಮಿನಿಕನ್ ಯುವಕನೊಬ್ಬನ ಕಿರಾಣಿ ಅಂಗಡಿ. ಇಲ್ಲಿ ಯಾರ ಕೈಯಲ್ಲೂ ಚಾಕು ಇಲ್ಲ. ಇರುವ ಭಯವೆಲ್ಲ ಬಾಡಿಗೆಯದು. ಹೆಂಗಸರ ಕೇಶಾಲಂಕಾರದ ಅಂಗಡಿ ಬಾಡಿಗೆ ತಾಳಲಾರದೆ ಬ್ರಾಂಕ್ಸ್‌ಗೆ ಹೋಗುತ್ತದೆ. ಅಂಗಡಿಯ ಹುಡುಗ ಸೋನಿಗೆ ದಾಖಲೆಪತ್ರಗಳಿಲ್ಲ. ಊರಿಗೆ ಮರಳಬೇಕೆಂದು ಕನಸು ಕಾಣುತ್ತಿದ್ದ ನಾಯಕ ಕೊನೆಗೆ ಈ ಬೀದಿಯಲ್ಲೇ ಉಳಿಯುತ್ತಾನೆ. ಮೂರನೆಯವನು ಮನುಷ್ಯ ರೂಪದಲ್ಲಿ ಬರದಿದ್ದರೂ ಪ್ರತಿಯೊಂದು ಮಾತಿನಲ್ಲೂ ಇದ್ದಾನೆ.

ಹಾಗೆಂದು ಇದು ದೋಷರಹಿತ ಚಿತ್ರವಲ್ಲ. ಬಾಡಿಗೆಯ ಕಹಿಗೆ ಹಾಡಿನ ಸಕ್ಕರೆ ಸ್ವಲ್ಪ ಹೆಚ್ಚಾಯಿತು. ಅದಕ್ಕಿಂತ ದೊಡ್ಡ ದೋಷವನ್ನು ಪ್ರೇಕ್ಷಕರೇ ಎತ್ತಿ ಹೇಳಿದರು. ವಾಷಿಂಗ್ಟನ್ ಹೈಟ್ಸ್‌ನ ಡೊಮಿನಿಕನ್ನರಲ್ಲಿ ಆಫ್ರಿಕನ್ ಮೂಲದ ಕಪ್ಪು ಮೈಬಣ್ಣದವರು ಬಹಳ. ಚಿತ್ರದ ಮುಖ್ಯ ಪಾತ್ರಗಳಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಮಿರಾಂಡಾ ಕ್ಷಮೆ ಕೇಳಿದರು. ಹೊರಗಿನವರು ಬಳಿದ ಬಣ್ಣವನ್ನು ಟೀಕಿಸುವುದು ಸುಲಭ. ನಮ್ಮವರೇ ನಮ್ಮವರಲ್ಲಿ ಕೆಲವರನ್ನು ಬಿಟ್ಟು ಚಿತ್ರ ತೆಗೆದಾಗ ಅದನ್ನು ಎತ್ತಿ ಆಡುವುದು ಕಷ್ಟ. ಆ ಕಷ್ಟದ ಕೆಲಸವನ್ನು ಆ ಸಮುದಾಯ ಮಾಡಿತು ಎಂಬುದೇ ಗಮನಾರ್ಹ.

ಬೀಗ ಹಾಕಿದ ಮನೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕೆಡವದೆ ಬಿಟ್ಟ ಬೀದಿ, ತಮ್ಮದೇ ಭಾಷೆಯ ನೆರೆಹೊರೆ, ಇಷ್ಟಿದ್ದರೆ ಎಲ್ಲರಿಗೂ ಅದು ಮನೆಯಾಗುತ್ತದೆಯೇ? ಇದಕ್ಕೆ ಸಾಂಡ್ರಾ ಸಿಸ್ನೆರೋಸ್ ಅವರ ‘ದ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್’ (1984) ಎಂಬ ಪುಟ್ಟ ಕಾದಂಬರಿಯಲ್ಲಿ ಉತ್ತರವಿದೆ. ಸಿಸ್ನೆರೋಸ್ ಚಿಕಾಗೊದಲ್ಲಿ ಹುಟ್ಟಿದವರು, ಮೆಕ್ಸಿಕೊ ಮೂಲದವರು. ಅವರ ಕುಟುಂಬ ಮನೆ ಕೊಂಡದ್ದು ಪೋರ್ಟೊ ರಿಕನ್ನರು ಹೆಚ್ಚಾಗಿದ್ದ ಹಂಬೋಲ್ಟ್ ಪಾರ್ಕ್ ಪ್ರದೇಶದಲ್ಲಿ. ಕಾದಂಬರಿಯ ಬಾಲಕಿ ಎಸ್ಪೆರಾನ್ಸಾ ಒಂದು ಕಡೆ ಹೇಳುವುದರ ಸಾರ ಇಷ್ಟು: ಹೊರಗಿನವರು ದಾರಿ ತಪ್ಪಿ ನಮ್ಮ ಬೀದಿಗೆ ಬಂದರೆ ಹೆದರುತ್ತಾರೆ, ನಮಗೆ ಇಲ್ಲಿ ಭಯವಿಲ್ಲ, ಆದರೆ ಬೇರೆ ಬಣ್ಣದವರ ಬೀದಿಗೆ ಹೋದರೆ ನಾವೂ ಹೆದರುತ್ತೇವೆ.

ಪೂರ್ವಗ್ರಹದ ಬಗ್ಗೆ ಇಷ್ಟು ನೇರವಾಗಿ ಬರೆದ ಲೇಖಕಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅದೇ ಬೀದಿಯಲ್ಲಿ ಒಬ್ಬಳು ಚೆಲುವೆ ಎಂಬ ಕಾರಣಕ್ಕೆ ಗಂಡ ಅವಳನ್ನು ಕೋಣೆಯಲ್ಲಿ ಕೂಡಿಹಾಕಿ ಹೋಗುತ್ತಾನೆ. ಇಂಗ್ಲಿಷ್ ಬಾರದ ಇನ್ನೊಬ್ಬಳು ಮೂರನೆಯ ಮಹಡಿಯಿಂದ ಕೆಳಗಿಳಿಯುವುದೇ ಇಲ್ಲ. ಬಿಟ್ಟುಬಂದ ಊರನ್ನು ನೆನೆದು ಅಳುತ್ತಾಳೆ. ಹೊರಗೆಲ್ಲ ಸ್ಪಾನಿಷ್ ಕೇಳಿಸುತ್ತದೆ, ಒಳಗೆ ಬೀಗ. ಎಸ್ಪೆರಾನ್ಸಾ ಬಯಸುವುದು ಗಂಡನದೂ ಅಲ್ಲದ, ತಂದೆಯದೂ ಅಲ್ಲದ ತನ್ನದೇ ಒಂದು ಮನೆ. ಹೋದರೂ, ಹೋಗಲಾರದವರಿಗಾಗಿ ಮರಳಿ ಬರಬೇಕೆಂಬ ಹೊಣೆಯೂ ಅವಳಿಗೆ ಗೊತ್ತು. ಈ ಪುಸ್ತಕ ಹೊರಗಿನ ಮೂರನೆಯವನ ಜೊತೆಗೆ ಮನೆಯೊಳಗಿನವನನ್ನೂ ಬಿಡದೆ ತೋರಿಸುತ್ತದೆ. ನನ್ನ ಮಟ್ಟಿಗೆ ಮೇಲಿನ ಮೂರು ಚಿತ್ರಗಳಿಗಿಂತ ಇದು ದೊಡ್ಡ ಕೃತಿಯಾಗುವುದು ಈ ಕಾರಣಕ್ಕೆ.

ಸ್ಪಾನಿಷ್‌ನಲ್ಲಿ ‘ಬಾರಿಯೊ’ ಎಂದರೆ ಬಡಾವಣೆ ಎಂದಷ್ಟೇ ಅರ್ಥ. ಅಮೇರಿಕದ ಇಂಗ್ಲಿಷ್ ಪತ್ರಿಕೆಗಳಲ್ಲಿ ಅದು ಬಡತನ, ಅಪರಾಧಗಳ ಇನ್ನೊಂದು ಹೆಸರಾಯಿತು. ನಮ್ಮ ‘ಕೇರಿ’ ಎಂಬ ಪದಕ್ಕೂ ಇಂಥದೇ ಗತಿ ಬಂದಿದೆ. ಯಾರ ಕೇರಿ ಎಂದು ಕೇಳಿದ ಕೂಡಲೇ ಅದರ ಅರ್ಥ ಬದಲಾಗುತ್ತದೆ. ಪದ ಕೆಟ್ಟ ಮೇಲೆ ಜಾಗವನ್ನು ಕೆಡವುವುದು ಸುಲಭ. ‘ಕೊಳೆಗೇರಿ’ ಎಂದು ಮೊದಲು ಕಡತದಲ್ಲಿ ಬರೆದರು, ಆಮೇಲೆ ಯಂತ್ರಗಳು ಬಂದವು.

1995ರಲ್ಲಿ ಹಂಬೋಲ್ಟ್ ಪಾರ್ಕಿನ ಡಿವಿಷನ್ ಸ್ಟ್ರೀಟ್‌ನಲ್ಲಿ ಪೋರ್ಟೊ ರಿಕನ್ನರು ಬೀದಿಗೆ ಅಡ್ಡಲಾಗಿ ತಮ್ಮ ಬಾವುಟದ ಎರಡು ಬೃಹತ್ ಉಕ್ಕಿನ ಕಮಾನುಗಳನ್ನು ನಿಲ್ಲಿಸಿದರು. ಬಟ್ಟೆಯ ಬಾವುಟವನ್ನು ಯಾರು ಬೇಕಾದರೂ ಇಳಿಸಬಹುದು, ಉಕ್ಕಿನದನ್ನು ಇಳಿಸಲು ಯೋಚಿಸಬೇಕಾಗುತ್ತದೆ. ಇನ್ನು ಲಿಂಕನ್ ಸೆಂಟರ್: 2022ರಲ್ಲಿ ನವೀಕೃತ ಸಭಾಂಗಣವನ್ನು ತೆರೆದಾಗ, ಸ್ಯಾನ್ ವಾನ್ ಹಿಲ್ ಕುರಿತಾದ ಸಂಗೀತ ಕೃತಿಯೊಂದನ್ನು ಬರೆಸಿ ಅಲ್ಲಿ ನುಡಿಸಲಾಯಿತು. ಒಳ್ಳೆಯದೇ ಆಯಿತು. ಆದರೆ ಎಬ್ಬಿಸಿ ಅರವತ್ತು ವರ್ಷಗಳ ನಂತರ ಹಾಡು ಬರೆಯುವುದಕ್ಕಿಂತ, ಎಬ್ಬಿಸುವ ದಿನವೇ ಆ ಕತೆ ಹೇಳುವ ಕಲೆ ಬೇಕಾಗಿತ್ತು. 1961ರ ಕ್ಯಾಮೆರಾ ಅದೇ ಬೀದಿಗಳಲ್ಲಿ ನಿಂತಿತ್ತು. ಅದು ಸ್ವಲ್ಪ ತಿರುಗಿ ನೋಡಿದ್ದರೆ ಸಾಕಿತ್ತು.