ಒಂದು ಆಹ್ವಾನವಾಕ್ಯದ ವ್ಯಾಖ್ಯಾನ

ಮೂಲ: ಪಿಎಚ್.ಡಿ. ಪಡೆದವರಿಂದ, ಸಂಶೋಧನಾ ಪ್ರಸ್ತಾವನೆ ಹಾಗೂ ಮಾರ್ಗದರ್ಶಕರ ಸಮ್ಮತಿಪತ್ರದೊಡನೆ, 2 ವರ್ಷಗಳ ಅವಧಿಗೆ ಅರ್ಜಿಗಳನ್ನು ಆಹ್ವಾನಿಸಲಾಗಿದೆ.

ಪಿಎಚ್.ಡಿ. ನಂತರದ ಸಂಶೋಧನೆಗೆ (ಪೋಸ್ಟ್ ಡಾಕ್ಟರಲ್ ಫೆಲೋಶಿಪ್ಪಿಗೆ) ವಿಶ್ವವಿದ್ಯಾಲಯಗಳು ಹೊರಡಿಸುವ ಪ್ರಕಟಣೆ ಬಹುಮಟ್ಟಿಗೆ ಇಷ್ಟರಲ್ಲೇ ಮುಗಿಯುತ್ತದೆ. ಬಸವಕಲ್ಯಾಣ, ಹುಮನಾಬಾದಿನಿಂದ ಹೋಗಿ ಕಲಬುರಗಿಯಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಓದಿದವರಿಗೆ ಇದರ ಒಂದೊಂದು ಪದದಲ್ಲೂ ತಿಳಿಯಬೇಕಾದ ಅರ್ಥವುಂಟು. ಆದಕಾರಣ ಈ ವಿವರಣೆ.

‘ಪಿಎಚ್.ಡಿ. ಪಡೆದವರಿಂದ’ ಎಂಬಲ್ಲಿ, ಪಡೆದವರು ಎಂದರೆ ಸ್ವತಂತ್ರವಾಗಿ ಪ್ರಶ್ನೆ ಎತ್ತುವ ಅರ್ಹತೆ ಗಳಿಸಿದವರು. ಪ್ರಬಂಧ ಸಲ್ಲಿಸಿ ಪದವಿಗಾಗಿ ಕಾದಿರುವವರನ್ನೂ ಕೆಲವು ಯೋಜನೆಗಳು ಒಪ್ಪುತ್ತವೆ. ಆದ್ದರಿಂದ ಹುಡುಕಾಟ ಘಟಿಕೋತ್ಸವಕ್ಕಿಂತ ಮೊದಲೇ ತೊಡಗತಕ್ಕದ್ದು.

‘ಸಂಶೋಧನಾ ಪ್ರಸ್ತಾವನೆ’ ಎಂದರೆ ಮಾಡಲಿರುವ ಕೆಲಸದ ಸಂಕಲ್ಪ. ಪ್ರಶ್ನೆ ಯಾವುದು, ಪೂರ್ವಸೂರಿಗಳು ಹೇಳಿದ್ದೇನು, ಉಳಿದದ್ದೇನು, ಅದನ್ನು ತಿಳಿಯುವ ಬಗೆ ಹೇಗೆ ಎಂಬ ನಾಲ್ಕೂ ಇದರಲ್ಲಿ ಇರಬೇಕು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇಗುಲದಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯುಂಟು. ಆಕೆಯ ಚೆಲುವನ್ನು ಬಣ್ಣಿಸಿದರೆ ಪ್ರಸ್ತಾವನೆಯಾಗದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಹೆಣ್ಣಿಗೂ ಬರವಣಿಗೆಗೂ ಇದ್ದ ನಂಟಿಗೆ ಶಾಸನಗಳಲ್ಲಿ ಯಾವ ಸಾಕ್ಷ್ಯವಿದೆಯೆಂದು ಕೇಳಿದರೆ ಆದೀತು. ಹಳೆಯ ವಿಷಯದಲ್ಲೂ ಸ್ವಂತ ನಿಲುವು ಬೇಕು: ಅದೇ ಕಾಲದ ವಿಜ್ಞಾನೇಶ್ವರನ ಮಿತಾಕ್ಷರವೂ ಹಳೆಯ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನವೇ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕೆಂದು ಪ್ರತಿಪಾದಿಸಿದ್ದರಿಂದ ಅದು ನ್ಯಾಯಾಲಯಗಳವರೆಗೂ ಬಾಳಿತು. ಪ್ರಸ್ತಾವನೆಯ ಬೆಲೆ ಇಂಥ ನಿಲುವಿನಲ್ಲಿದೆ.

‘ಮಾರ್ಗದರ್ಶಕರ ಸಮ್ಮತಿಪತ್ರ’ವೇ ವಾಕ್ಯದ ಮರ್ಮಸ್ಥಾನ. ಅರ್ಜಿಗೆ ಕೊನೆಯ ದಿನಾಂಕವುಂಟು, ಪರಿಚಯಕ್ಕೆ ಇಲ್ಲ. ಪ್ರಾಧ್ಯಾಪಕರ ಲೇಖನಗಳನ್ನು ಓದಿ, ಅವರ ಕೆಲಸ ನಿಂತಲ್ಲಿಂದ ತನ್ನ ಪ್ರಶ್ನೆ ಹೇಗೆ ಮುಂದುವರಿಯುತ್ತದೆಂಬುದನ್ನು ಒಂದು ಪುಟದಲ್ಲಿ ತಿಂಗಳುಗಳ ಮುಂಚೆಯೇ ಬರೆದು ಕಳುಹಿಸುವುದು ಕ್ರಮ. ನೂರು ಜನರಿಗೆ ಒಂದೇ ಪತ್ರ ಕಳುಹಿಸಿದರೆ ಅದು ಯಾರಿಗೂ ಬರೆದ ಪತ್ರವಾಗದು.

‘2 ವರ್ಷಗಳ ಅವಧಿ’ ಎಂಬುದು ಮಿತಿಯನ್ನು ಹೇಳುತ್ತದೆ: ಇದು ಕಾಯಂ ನೌಕರಿಯಲ್ಲ. ವಿಜ್ಞಾನ, ಇಂಜಿನಿಯರಿಂಗ್ ಓದಿದವರಿಗಿರುವ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ಪಿನ ಅವಧಿಯೂ ಇಷ್ಟೇ. ಸಮಾಜ ವಿಜ್ಞಾನಗಳನ್ನು ಓದಿದವರು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಪ್ರಕಟಣೆಗಳನ್ನು ನೋಡಬೇಕು. ಅವಧಿ ಚಿಕ್ಕದಾದುದರಿಂದ ಪ್ರಸ್ತಾವನೆಯೂ ಅಷ್ಟರಲ್ಲಿ ಮುಗಿಯುವಂತಿರಬೇಕೆಂಬುದು ಇಂಗಿತ.

‘ಆಹ್ವಾನಿಸಲಾಗಿದೆ’ ಎಂಬ ಕ್ರಿಯಾಪದದಲ್ಲಿ ಎರಡು ಕಡೆಯ ಹೊಣೆ ಅಡಗಿದೆ. ಇದಕ್ಕೊಂದು ಹಳೆಯ ನಿದರ್ಶನವುಂಟು: ಕಾಶ್ಮೀರದಲ್ಲಿ ವಿದ್ಯೆ ಪೂರೈಸಿದ ಕವಿ ಬಿಲ್ಹಣನು ಮಥುರೆ, ಕನೌಜು, ಪ್ರಯಾಗ, ಕಾಶಿಗಳನ್ನು ಹಾದು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಬಂದನು. ಅಲ್ಲಿನ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನು (ಆಳ್ವಿಕೆ 1076–1126) ಅವನಿಗೆ ವಿದ್ಯಾಪತಿಯ ಸ್ಥಾನವಿತ್ತನು. ಬಿಲ್ಹಣನು 18 ಸರ್ಗಗಳ ವಿಕ್ರಮಾಂಕದೇವಚರಿತವನ್ನು ರಚಿಸಿದನು. ಪರಸ್ಥಳದ ವಿದ್ವಾಂಸನಿಗೆ ನೆಲೆಯಿತ್ತ ಈ ಊರಿನ ಮಕ್ಕಳು ನೆಲೆಯನ್ನರಸಿ ಹೊರಡಲು ಅಳುಕಬೇಕಿಲ್ಲ. ಕರೆದವರು ವೇತನವನ್ನೂ ಗ್ರಂಥಭಂಡಾರವನ್ನೂ ಸಕಾಲಕ್ಕೆ ಒದಗಿಸಬೇಕು, ಬಂದವರು ಕೃತಿಯನ್ನು ಕೊಡಬೇಕು ಎಂಬುದು ವಾಕ್ಯದ ತಾತ್ಪರ್ಯ.