‘ಗೆಲ್ಲುವ ಕುದುರೆ’ ಎಂಬ ಬರವಣಿಗೆ: ಒಂದು ಪರಾಮರ್ಶೆ

ಕೆಲವು ವರ್ಷಗಳ ಹಿಂದೆ, ದಶಲಕ್ಷಣ ಪರ್ವದ ದಿನಗಳಲ್ಲಿ, ನಮ್ಮ ಬಸದಿಯ ಟ್ರಸ್ಟಿನ ಸಭೆಗೆ ಒಂದು ವಿಚಿತ್ರ ಪ್ರಶ್ನೆ ಬಂದಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನಮ್ಮ ಸಮಾಜದ ತರುಣನೊಬ್ಬ ಊರಿಗೆ ಬಂದವನು ಜೀರ್ಣೋದ್ಧಾರ ನಿಧಿಗೆ 51,000 ರೂಪಾಯಿ ಕೊಡಲು ಮುಂದಾದನು. ಹಣದ ಮೂಲವನ್ನು ಅವನು ಮುಚ್ಚಿಡಲಿಲ್ಲ. ಬೆಂಗಳೂರಿನ ಡರ್ಬಿ ಪಂದ್ಯದ ದಿನ ಕುದುರೆಯ ಮೇಲೆ ಪಣ ಕಟ್ಟಿ ಗೆದ್ದುದು ಎಂದನು. ಹಿರಿಯರ ಮುಖ ಬಾಡಿದುದನ್ನು ಕಂಡು, “ಕಾಕಾ, ಇದು ಜೂಜಲ್ರೀ. ಸುಪ್ರೀಂ ಕೋರ್ಟೇ ಇದನ್ನ ಜಾಣತನದ ಆಟ ಅಂದದ. ನಾ ಓದಿ, ಲೆಕ್ಕ ಹಾಕಿ ಆಡೀನಿ” ಎಂದು ನನ್ನ ಕಡೆ ತಿರುಗಿ ಹೇಳಿ, ಜೇಬಿನಿಂದ ಪತ್ರಿಕೆಯ ಒಂದು ತುಂಡನ್ನು ತೆಗೆದು ಮುಂದಿಟ್ಟನು. ಯಾವ ಪಂದ್ಯದಲ್ಲಿ ಯಾವ ಕುದುರೆ ಗೆಲ್ಲಬಹುದು ಎಂದು ಸೂಚಿಸುವ ‘ಟಿಪ್ಸ್’ ಅಂಕಣ ಅದು.

ಟ್ರಸ್ಟಿನ ಲೆಕ್ಕಪತ್ರ ನೋಡುವವನು ನಾನು. ಆ ದಿನ ನಾನು ಅವನಿಗೆ ಉತ್ತರ ಕೊಡಲಿಲ್ಲ. ಅದರ ಕಾರಣವನ್ನು ಕೊನೆಯಲ್ಲಿ ಹೇಳುವೆನು. ಆ ತುಂಡನ್ನು ಮಾತ್ರ ಕೇಳಿ ಇಟ್ಟುಕೊಂಡೆನು. ಆ ಬಳಿಕ ಅಂತಹ ಹಲವು ಅಂಕಣಗಳನ್ನು, ಒಂದು ಗ್ರಂಥವನ್ನು ಓದುವ ಶ್ರದ್ಧೆಯಿಂದಲೇ ಓದಿರುವೆನು. ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ರೇಸ್ ಮೈದಾನವಿಲ್ಲ. ಹಾಗಿರುವಾಗ ಈ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಆದರೆ ನಮ್ಮ ಜಿಲ್ಲೆ ಮುಂಬಯಿ ಮತ್ತು ಹೈದರಾಬಾದುಗಳ ನಡುವೆ ಇದೆ. ಒಂದು ಕಡೆ ಮಹಾಲಕ್ಷ್ಮಿಯ ಮೈದಾನ. ಇನ್ನೊಂದು ಕಡೆ ಆರನೆಯ ನಿಜಾಮರ ಕಾಲದಲ್ಲಿ, 1886ರಲ್ಲಿ, ನೆಲೆಗೊಂಡ ಮಲಕಪೇಟೆಯ ಮೈದಾನ. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರೇ ಆಗಿದ್ದೆವು. ಕುದುರೆ ನಮ್ಮ ಊರಿಗೆ ಬರದಿದ್ದರೂ ಕುದುರೆಯ ಸುದ್ದಿ ಬಂದೇ ಬರುತ್ತದೆ.

ಮೊದಲು ಆ ಬರವಣಿಗೆಯ ಗುಣವನ್ನು ಹೇಳಬೇಕು. ಅದು ಸೋಮಾರಿಯ ಬರವಣಿಗೆಯಲ್ಲ. ಪ್ರತಿಯೊಂದು ಕುದುರೆಯ ವಯಸ್ಸು, ತಂದೆತಾಯಿಗಳ ವಂಶ, ಹಿಂದಿನ ಓಟಗಳ ಫಲಿತಾಂಶ, ಬೆಳಗಿನ ಅಭ್ಯಾಸದಲ್ಲಿ ಓಡಿದ ವೇಗ, ಸವಾರನ ಹೆಸರು, ಹೊರುವ ತೂಕ, ಇಷ್ಟನ್ನೂ ನಾಲ್ಕು ಬೆರಳಿನಷ್ಟು ಜಾಗದಲ್ಲಿ ತುಂಬಿರುತ್ತದೆ. ಬರೆಯುವವನು ಕುದುರೆಯನ್ನು ಬಲ್ಲವನೇ ಇರಬಹುದು. ದೋಷವಿರುವುದು ಅವನ ಶ್ರಮದಲ್ಲಲ್ಲ, ಆ ಶ್ರಮವನ್ನು ಭರವಸೆಯಾಗಿ ಪರಿವರ್ತಿಸುವ ಭಾಷೆಯಲ್ಲಿ.

ಒಂದು ಕುದುರೆಗೆ ‘ಗೆಲ್ಲುವ ಸಂಭವ ಹೆಚ್ಚು’ ಎಂಬ ಮಾತು. ಇನ್ನೊಂದಕ್ಕೆ ‘ಕಡೆಗಣಿಸುವಂತಿಲ್ಲ’ ಎಂಬುದು. ಮೂರನೆಯದಕ್ಕೆ ‘ಅಚ್ಚರಿ ಮೂಡಿಸಬಲ್ಲದು’ ಎಂಬುದು. ಹೀಗೆ ಬರೆದವನ ಮಾತು ಯಾವ ಕುದುರೆ ಗೆದ್ದರೂ ಸುಳ್ಳಾಗುವುದಿಲ್ಲ. ಮೇಲ್ನೋಟಕ್ಕೆ ಇದು ನಮ್ಮ ಸ್ಯಾದ್ವಾದದಂತೆ ಕಾಣಬಹುದು. ಆದರೆ ಸ್ಯಾದ್ವಾದದಲ್ಲಿ ‘ಸ್ಯಾತ್’ ಎನ್ನುವವನು ಯಾವ ಅಪೇಕ್ಷೆಯಿಂದ, ಯಾವ ನಯದಿಂದ ಹೇಳುತ್ತಿದ್ದೇನೆಂಬುದನ್ನು ತಿಳಿಸಲು ಬದ್ಧನು. ಅಲ್ಲಿ ಆ ಪದವು ಮಾತಿನ ಹೊಣೆಯನ್ನು ಹೆಚ್ಚಿಸುತ್ತದೆ. ಇಲ್ಲಿಯ ‘ಬಹುದು’ ಹೊಣೆಯಿಂದ ನುಣುಚಿಕೊಳ್ಳುವ ಬಾಗಿಲು. ಇನ್ನೊಂದು ಮಾತು. ವೀರನಿರ್ವಾಣದ ದೀಪಾವಳಿಗೆ ಖಾತೆ ಮುಗಿಸಿ ಲಾಭನಷ್ಟ ತೆಗೆಯುವುದು ನಮ್ಮ ಸಾಮಾನ್ಯ ಕಿರಾಣಿ ಅಂಗಡಿಯ ಪದ್ಧತಿ. ‘ನನ್ನ ಸಲಹೆಯಂತೆ ವರ್ಷವಿಡೀ ಪಣ ಕಟ್ಟಿದವನಿಗೆ ಉಳಿದುದು ಇಷ್ಟು, ಹೋದುದು ಇಷ್ಟು’ ಎಂದು ಲೆಕ್ಕ ಒಪ್ಪಿಸಿದ ಒಂದು ಅಂಕಣವನ್ನೂ ನಾನು ಓದಿದವುಗಳಲ್ಲಿ ಕಾಣಲಿಲ್ಲ.

ಡರ್ಬಿಯ ವಿಷಯದಲ್ಲಿ ಈ ದೋಷ ಇಮ್ಮಡಿಯಾಗುತ್ತದೆ. ಇಂಗ್ಲೆಂಡಿನ ಎಪ್ಸಮ್‌ನಲ್ಲಿ 1780ರಲ್ಲಿ ಆರಂಭವಾದ ಡರ್ಬಿಯ ಮಾದರಿಯಲ್ಲಿ ಮುಂಬಯಿಯ ಇಂಡಿಯನ್ ಡರ್ಬಿ 1943ರಲ್ಲಿ ಮೊದಲಾಯಿತು. ಎರಡೂ ಸುಮಾರು 2,400 ಮೀಟರಿನ ಓಟಗಳು. ಎಪ್ಸಮ್‌ನಲ್ಲಿ ಮೂರು ವರ್ಷದ, ಮುಂಬಯಿಯಲ್ಲಿ ನಾಲ್ಕು ವರ್ಷದ ಕುದುರೆಗಳಿಗೆ ಮಾತ್ರ ಪ್ರವೇಶ. ಎಂದರೆ ಒಂದು ಕುದುರೆ ತನ್ನ ಜೀವಮಾನದಲ್ಲಿ ಆ ಪಂದ್ಯವನ್ನು ಒಮ್ಮೆ ಮಾತ್ರ ಓಡಬಲ್ಲದು. ಅನೇಕ ಕುದುರೆಗಳು ಅಷ್ಟು ದೂರವನ್ನು ಅದಕ್ಕೆ ಮೊದಲು ಓಡಿಯೇ ಇರುವುದಿಲ್ಲ. ಯಾವ ಪಂದ್ಯಕ್ಕೆ ಪುರಾವೆ ಅತ್ಯಲ್ಪವೋ ಅದೇ ಪಂದ್ಯಕ್ಕೆ ಭವಿಷ್ಯವಾಣಿ ಅತ್ಯಧಿಕ! ಎಪ್ಸಮ್‌ನಲ್ಲಿ 1898ರಲ್ಲಿ ಜೆಡ್ಡಾ, 1908ರಲ್ಲಿ ಸಿನೊರಿನೆಟ್ಟಾ, 1913ರಲ್ಲಿ ಅಬೋಯರ್ ಎಂಬ ಕುದುರೆಗಳು ಗೆದ್ದವು. ಮೂರರ ಮೇಲೂ ಒಂದಕ್ಕೆ ನೂರರ ದರವಿತ್ತು. ಎಂದರೆ ಅವು ಗೆಲ್ಲುವುವೆಂದು ಬಲ್ಲವರು ಬಹುತೇಕ ಯಾರೂ ನಂಬಿರಲಿಲ್ಲ. 1913ರಲ್ಲಂತೂ ಮೊದಲು ಗುರಿ ಮುಟ್ಟಿದ ನೆಚ್ಚಿನ ಕುದುರೆಯನ್ನು ತೀರ್ಪುಗಾರರು ಅನರ್ಹಗೊಳಿಸಿದ್ದರಿಂದ ಅಬೋಯರ್‌ಗೆ ಜಯ ದೊರೆಯಿತು. ವಂಶಾವಳಿಯನ್ನು ಎಷ್ಟು ಓದಿದರೂ ತೀರ್ಪುಗಾರರ ಮನಸ್ಸನ್ನು ಓದಲಾಗದು.

ಇನ್ನು ಲೆಕ್ಕದ ಮಾತು. ವಾಣಿಜ್ಯ ಓದಿದವನಾದ್ದರಿಂದ ಇದನ್ನು ಬಿಡಲಾರೆನು. ರೇಸ್ ಮೈದಾನದಲ್ಲಿ ‘ಟೋಟ್’ ಎಂಬ ವ್ಯವಸ್ಥೆಯಿದೆ. ಎಲ್ಲರ ಪಣವನ್ನೂ ಒಂದೆಡೆ ಕೂಡಿಸಿ, ಅದರಲ್ಲಿ ಕ್ಲಬ್ಬಿನ ಮತ್ತು ಸರಕಾರದ ಪಾಲನ್ನು ಕಳೆದು, ಉಳಿದುದನ್ನು ಗೆದ್ದವರಿಗೆ ಹಂಚುವುದು ಅದರ ಕ್ರಮ. ಉದಾಹರಣೆಗೆ ಒಟ್ಟು ಪಣ 1,00,000 ರೂ., ಕಡಿತ 20,000 ರೂ. ಎಂದಿಟ್ಟುಕೊಳ್ಳೋಣ. ಗೆದ್ದ ಕುದುರೆಯ ಮೇಲೆ 10,000 ರೂ. ಕಟ್ಟಲಾಗಿದ್ದರೆ 10 ರೂಪಾಯಿಗೆ 80 ರೂಪಾಯಿ ಬರುತ್ತದೆ. ಈಗ ‘ಇದೇ ಗೆಲ್ಲುವ ಕುದುರೆ’ ಎಂದು ಅಂಕಣದಲ್ಲಿ ಅಚ್ಚಾಗಿ, ಒಟ್ಟು ಪಣ ಅಷ್ಟೇ ಇದ್ದು, ಅದರಲ್ಲಿ 40,000 ರೂ. ಆ ಕುದುರೆಯ ಮೇಲೆಯೇ ಬಿದ್ದಿತೆನ್ನಿ. ಆಗ 10 ರೂಪಾಯಿಗೆ ಬರುವುದು 20 ಮಾತ್ರ. ಕುದುರೆ ಅದೇ, ಅದರ ವೇಗವೂ ಅದೇ. ಎಂಟು ಸಲ ಕಟ್ಟಿ ಒಮ್ಮೆ ಗೆದ್ದರೆ ಸರಿಹೋಗುತ್ತಿದ್ದುದು ಈಗ ಎರಡರಲ್ಲಿ ಒಮ್ಮೆ ಗೆದ್ದರೆ ಮಾತ್ರ ಸರಿಹೋಗುತ್ತದೆ. ಸಲಹೆ ನಿಜವಾದಷ್ಟೂ, ಹರಡಿದಷ್ಟೂ, ಅದರ ಬೆಲೆ ಕರಗುತ್ತದೆ. ಊರಿಗೆಲ್ಲ ಹಂಚಿದ ಗುಟ್ಟು ಗುಟ್ಟಾಗಿ ಉಳಿಯುವುದೆಂತು?

ಆಡುವವರೆಲ್ಲರನ್ನೂ ಒಂದೇ ಅಂಗಡಿಯೆಂದು ಭಾವಿಸಿದರೆ, ಆ ಅಂಗಡಿ ಪ್ರತಿ ಪಂದ್ಯದಲ್ಲಿ ನೂರಕ್ಕೆ ಇಪ್ಪತ್ತು ಕಳೆದುಕೊಳ್ಳುತ್ತದೆ. ಉಳಿದುದನ್ನೇ ಮತ್ತೆ ಮತ್ತೆ ಹೂಡಿದರೆ 100 ರೂಪಾಯಿ ಮೊದಲ ಪಂದ್ಯಕ್ಕೆ 80, ಎರಡನೆಯದಕ್ಕೆ 64, ಹೀಗೆ ಇಳಿದು ಐದನೆಯ ಪಂದ್ಯದ ಹೊತ್ತಿಗೆ ಸುಮಾರು 33 ಆಗುತ್ತದೆ. ನನ್ನ ಈ ಲೆಕ್ಕ ಸೌಮ್ಯವಾದುದೇ. ಸರಕು ಮತ್ತು ಸೇವಾ ತೆರಿಗೆಯನ್ನು 2023ರ ಅಕ್ಟೋಬರಿನಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇ. 28ರಂತೆ ವಿಧಿಸಲಾಯಿತು, 2025ರ ಸೆಪ್ಟೆಂಬರ್ 22ರಿಂದ ಆ ದರ ಶೇ. 40ಕ್ಕೆ ಏರಿತು.

ನ್ಯಾಯಾಲಯದ ಮಾತನ್ನು ತರುಣನು ಸುಳ್ಳು ಹೇಳಲಿಲ್ಲ. ತಮಿಳುನಾಡು ಸರಕಾರ 1974ರಲ್ಲಿ ಕುದುರೆ ಪಂದ್ಯದ ಪಣವನ್ನು ನಿಷೇಧಿಸುವ ಕಾನೂನು ಮಾಡಿತ್ತು. ಡಾ. ಕೆ. ಆರ್. ಲಕ್ಷ್ಮಣನ್ ಅವರ ಪ್ರಕರಣದಲ್ಲಿ 1996ರ ಜನವರಿಯಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಕುದುರೆಯ ತಳಿ, ತರಬೇತಿ, ಸವಾರನ ನೈಪುಣ್ಯ ಇವುಗಳಿಂದ ಗೆಲುವು ನಿರ್ಧಾರವಾಗುವುದರಿಂದ ಇದು ಪ್ರಧಾನವಾಗಿ ಕೌಶಲದ ಆಟವೆಂದಿತು. ತೀರ್ಪಿಗೆ ತಲೆಬಾಗೋಣ. ಆದರೆ ನ್ಯಾಯಾಲಯ ಉತ್ತರಿಸಿದ್ದು ಇದು ಕಾನೂನಿನ ದೃಷ್ಟಿಯಲ್ಲಿ ಜೂಜೇ ಎಂಬ ಪ್ರಶ್ನೆಗೆ. ಇದರಿಂದ ಆತ್ಮಪರಿಣಾಮ ಏನಾಗುವುದು ಎಂಬುದು ಶ್ರಾವಕನ ಪ್ರಶ್ನೆ. ಓಡುವುದು ಕುದುರೆಯ ಕೌಶಲ, ಓಡಿಸುವುದು ಸವಾರನ ಕೌಶಲ. ಕಟಕಟೆಯ ಹೊರಗೆ ನಿಂತು ಚೀಟಿ ಹಿಡಿದವನ ಲೋಭಕ್ಕೆ ಆ ಕೌಶಲವನ್ನು ಎರವಲು ತರಲಾಗದು. ನಳಮಹಾರಾಜನಿಗಿಂತ ಅಶ್ವವಿದ್ಯೆಯನ್ನು ಬಲ್ಲವರು ಯಾರು? ಆ ವಿದ್ಯೆ ಅವನನ್ನು ಜೂಜಿನಿಂದ ಕಾಪಾಡಲಿಲ್ಲ. ರಾಜ್ಯ ಹೋದ ಮೇಲೆ ಪರರ ಸಾರಥಿಯಾಗಿ ಹೊಟ್ಟೆ ಹೊರೆಯಲು ಮಾತ್ರ ನೆರವಾಯಿತು.

ಸಪ್ತವ್ಯಸನಗಳ ಪಟ್ಟಿಯಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ವಸುನಂದಿ ಆಚಾರ್ಯರು ಅದಕ್ಕೆ ದೃಷ್ಟಾಂತವಾಗಿ ಕೊಡುವುದು ಯುಧಿಷ್ಠಿರನಂತಹ ಸತ್ಯವಂತನನ್ನೇ, ಕೆಟ್ಟವನನ್ನಲ್ಲ. ಆದರೆ ಆಡುವವನ ದೋಷದಷ್ಟೇ ಹೇಳಿಕೊಡುವವನ ದೋಷವನ್ನೂ ನಮ್ಮ ಶಾಸ್ತ್ರ ಎಣಿಸಿದೆ ಎಂಬುದನ್ನು ನಾವು ಮರೆತಿದ್ದೇವೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುತ್ತಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪ್ರಾಣಿಗಳಿಗೆ ಕ್ಲೇಶ ತರುವ ಮಾತು, ವಂಚನೆಗೆ ಎಡೆ ಮಾಡುವ ಮಾತು ಪಾಪೋಪದೇಶದಲ್ಲಿ ಸೇರುತ್ತವೆ. ಟಿಪ್ಸ್ ಅಂಕಣ ಅಚ್ಚುಗೊಂಡ ಪಾಪೋಪದೇಶ. ಅದನ್ನು ಆಸಕ್ತಿಯಿಂದ ಓದುವುದು ದುಃಶ್ರುತಿ. ತನ್ನ ಕುದುರೆ ಗೆಲ್ಲಲೆಂದು ಉಳಿದವು ಎಡವಲಿ ಎಂದು ಹಾರೈಸುವುದು ಅಪಧ್ಯಾನ. ಪಣ ಕಟ್ಟದೆಯೂ ಈ ಮೂರನ್ನು ಮನೆಯ ಪಡಸಾಲೆಯಲ್ಲಿ ಕುಳಿತೇ ಗಳಿಸಬಹುದು!

ಕುದುರೆಯ ಪಾಡೇನು? ಅಹಿಂಸಾಣುವ್ರತದ ಅತಿಚಾರಗಳು ಐದು: ಛೇದನ, ಬಂಧನ, ಪೀಡನ, ಅತಿಭಾರಾರೋಪಣ, ಆಹಾರನಿರೋಧ. ಗಂಡು ಕುದುರೆಗಳ ಬೀಜ ತೆಗೆಯುವುದು ಛೇದನವಲ್ಲವೆ? ದಿನದ ಬಹುಭಾಗ ಲಾಯದಲ್ಲಿ ಕಟ್ಟಿಡುವುದು ಬಂಧನವಲ್ಲವೆ? ಕೊನೆಯ ಇನ್ನೂರು ಮೀಟರಿನಲ್ಲಿ ಬೀಳುವ ಚಾಟಿ ಪೀಡನವಲ್ಲವೆ? ಹ್ಯಾಂಡಿಕ್ಯಾಪ್ ಪಂದ್ಯಗಳಲ್ಲಿ ಚೆನ್ನಾಗಿ ಓಡಿದ ಕುದುರೆಗೆ ಮುಂದಿನ ಸಲ ಹೆಚ್ಚು ತೂಕ ಹೊರಿಸುತ್ತಾರೆ. ಸವಾರ ಹಗುರನಾದರೆ ಜೀನಿನ ಬಟ್ಟೆಯಲ್ಲಿ ಸೀಸದ ತುಂಡುಗಳನ್ನಿಡುತ್ತಾರೆ. ಗೆದ್ದ ತಪ್ಪಿಗೆ ಭಾರದ ದಂಡ! ಐದರಲ್ಲಿ ನಾಲ್ಕು ಕಣ್ಣಮುಂದೆಯೇ ಇವೆ. ಓಟದಲ್ಲಿ ಕಾಲಿನ ಮೂಳೆ ಮುರಿದರೆ ಅನೇಕ ವೇಳೆ ಕುದುರೆಯನ್ನು ಕೊಲ್ಲುವುದೇ ರೂಢಿ. ಅಂಕಣದಲ್ಲಿ ಆ ಕುದುರೆಯ ಹೆಸರು ಮರುವಾರದಿಂದ ಕಾಣುವುದಿಲ್ಲ, ಅಷ್ಟೆ. ಹೈದರಾಬಾದಿನ ಡೆಕ್ಕನ್ ಡರ್ಬಿ ಅನೇಕ ವರ್ಷ ಅಕ್ಟೋಬರ್ 2ರಂದೇ ನಡೆದಿದೆ. ಗಾಂಧೀಜಿ ಹುಟ್ಟಿದ ಆ ದಿನವನ್ನು 2007ರಲ್ಲಿ ವಿಶ್ವಸಂಸ್ಥೆ ಅಹಿಂಸೆಯ ದಿನವೆಂದು ಸಾರಿದೆ.

“ನೀವು ತೊಗರಿ ಹಿಡಿದಿಟ್ಟು ದರ ಏರಲೆಂದು ಕಾಯುವುದಿಲ್ಲವೆ? ಅದು ಪಣವಲ್ಲವೆ?” ಎಂದು ಯಾರಾದರೂ ಕೇಳಿದರೆ ನಾವು ಕೋಪಗೊಳ್ಳಬಾರದು. ಪ್ರಶ್ನೆ ನ್ಯಾಯವಾದುದೇ. ಮಾಲು ಕೊಳ್ಳುವ ವ್ಯಾಪಾರಿ ಒಕ್ಕಲಿಗನಿಗೆ ರೊಕ್ಕ ಎಣಿಸುತ್ತಾನೆ, ಮಾಲನ್ನು ಕಾಯುತ್ತಾನೆ, ಬೇಳೆಯಾಗಿ ಊಟದ ಎಲೆಗೆ ಮುಟ್ಟಿಸುತ್ತಾನೆ. ಅವನಿಗೆ ನಷ್ಟವಾದರೂ ಯಾರದೋ ಹೊಟ್ಟೆ ತುಂಬಿರುತ್ತದೆ. ಪಣದಲ್ಲಿ ಗೆದ್ದ ಪ್ರತಿ ರೂಪಾಯಿಯೂ ಸೋತ ಇನ್ನೊಬ್ಬನ ಜೇಬಿನದು; ನಡುವೆ ಏನೂ ಬೆಳೆಯಲಿಲ್ಲ, ಏನೂ ಸಾಗಲಿಲ್ಲ. ಆದರೆ ಕಾಳನ್ನು ಕಣ್ಣಿನಿಂದ ನೋಡದೆ ದರದ ಮೇಲೆ ಮಾತ್ರ ಆಡುವ ಸಟ್ಟಾ ವ್ಯವಹಾರಕ್ಕೆ ಈ ಸಮರ್ಥನೆ ಸಲ್ಲದು. ತೊಗರಿಯ ವಾಯಿದೆ ವ್ಯವಹಾರವನ್ನು ಸರಕಾರ 2007ರಲ್ಲಿ ನಿಲ್ಲಿಸಿದಾಗ ಗೊಣಗಿದವರಲ್ಲಿ ನಮ್ಮವರೂ ಇದ್ದರು. ತರುಣನ ಕುದುರೆಯನ್ನು ಖಂಡಿಸುವ ಮೊದಲು ನಮ್ಮ ತೊಗರಿಯ ಖಾತೆಯನ್ನು ನಾವೇ ತೆರೆದು ನೋಡಬೇಕು.

ಈಗ ನನ್ನ ಮೌನದ ಕಾರಣ. 1979ರಲ್ಲಿ, ಬಿ.ಕಾಂ. ಓದುತ್ತಿದ್ದಾಗ, ತಂದೆಯವರು ನನ್ನನ್ನು ಅಂಗಡಿಯ ವಸೂಲಿಗೆಂದು ದೊಡ್ಡ ನಗರವೊಂದಕ್ಕೆ ಕಳುಹಿಸಿದ್ದರು. ಅಲ್ಲಿ ಇಂತಹುದೇ ಒಂದು ಅಂಕಣವನ್ನು ಓದಿ, ಮೂರು ಪಂದ್ಯಗಳಲ್ಲಿ 300 ರೂಪಾಯಿ ಕಳೆದೆನು. ಊರಿಗೆ ಬಂದು ಕೀರ್ದಿಯಲ್ಲಿ ಅದನ್ನು ‘ಪ್ರಯಾಣ ಖರ್ಚು’ ಎಂದು ಬರೆದೆನು. ಇಷ್ಟು ಖರ್ಚಾಯಿತೆ ಎಂದು ತಂದೆಯವರು ಕೇಳಿದರು. ಹೌದೆಂದೆನು. ಅವರು ಮತ್ತೆ ಕೇಳಲಿಲ್ಲ. ನಾನೂ ಅವರ ಜೀವಿತಕಾಲದಲ್ಲಿ ಅದನ್ನು ತಿದ್ದಲಿಲ್ಲ. ದ್ಯೂತವೊಂದರಿಂದ ಅಸತ್ಯವೂ ಚೌರ್ಯವೂ ಒಂದೇ ಸಾಲಿನಲ್ಲಿ ಬರೆಯಲ್ಪಟ್ಟವು. ಹಣದ ಮೂಲವನ್ನು ಮುಚ್ಚಿಡದ ಆ ತರುಣನು ಸಭೆಯಲ್ಲಿ ನನ್ನ ಮುಖ ನೋಡಿದಾಗ ನನಗೆ ನೆನಪಾದುದು ಆ ಸಾಲು.

ಅಂದು ಸಭೆಯಲ್ಲಿ ಇಬ್ಬರು ‘ಹಣಕ್ಕೆ ಮೈಲಿಗೆಯಿಲ್ಲ, ಗೋಪುರ ಸೋರುತ್ತಿದೆ’ ಎಂದರು. ಉಳಿದವರು ಬೇಡವೆಂದರು. ಹಣ ಹಿಂತಿರುಗಿತು. ಬೇಡವೆಂದುದು ಸರಿ ಎಂದೇ ಇಂದಿಗೂ ನನ್ನ ಅಭಿಪ್ರಾಯ. ಪಂಡಿತ ಆಶಾಧರರು ಶ್ರಾವಕನಾಗಲು ಯೋಗ್ಯನಾದ ಗೃಹಸ್ಥನ ಗುಣಗಳಲ್ಲಿ ನ್ಯಾಯೋಪಾರ್ಜಿತ ಧನವನ್ನೇ ಮೊದಲು ಎಣಿಸಿದ್ದಾರೆ. ಸೋತವರ ಮನೆಯ ಹಣದಿಂದ ಬಸದಿಯ ಗೋಪುರ ನಿಲ್ಲಬಾರದು. ಟ್ರಸ್ಟುಗಳು ದಾನದ ಮೂಲವನ್ನು ಕೇಳುವ ನಿಯಮವನ್ನು ಬರಹದಲ್ಲಿ ಮಾಡಿಕೊಳ್ಳಬೇಕು. ಅದು ಕುದುರೆಗೂ ಸಟ್ಟಾಕ್ಕೂ ಸಮನಾಗಿ ಅನ್ವಯಿಸಬೇಕು. ಆದರೆ ನಾವು ಹಣವನ್ನು ಹಿಂತಿರುಗಿಸಿದೆವೇ ಹೊರತು ಕಾರಣವನ್ನು ಕೊಡಲಿಲ್ಲ. ಮರುವರ್ಷದ ಪರ್ವಕ್ಕೆ ಅವನು ಊರಿಗೆ ಬರಲಿಲ್ಲ. ಅದು ನಮ್ಮ ಟ್ರಸ್ಟಿನ ಲೆಕ್ಕದಲ್ಲಿ ಬರೆಯದೆ ಉಳಿದ ನಷ್ಟ.

ಆ ಹಳೆಯ ಕೀರ್ದಿ ಇನ್ನೂ ನನ್ನ ಬಳಿ ಇದೆ. ಈ ಲೇಖನ ಅಚ್ಚಾದ ಮೇಲೆ ಸಂಚಿಕೆಯ ಒಂದು ಪ್ರತಿಯನ್ನೂ ಕೀರ್ದಿಯ ಆ ಪುಟದ ನಕಲನ್ನೂ ಅವನಿಗೆ ಕಳುಹಿಸುವೆನು. ಅವನು ಅಂದು ಕೇಳಿದ್ದಕ್ಕೆ ನಾನು ಕೊಡಬೇಕಾಗಿದ್ದ ಉತ್ತರ ಇದೇ.